ನಮ್ಮ ಮನೆಯಲ್ಲಿ ಫೀಸು ಕಟ್ಟುವ ಸಿನಿಮಾ

ಕೆಲವರ ಮನೆಗೆ ನೆಂಟರು ಬರುತ್ತಾರೆ, ಕೆಲವರ ಮನೆಗೆ ಇಲಿ ಬರುತ್ತದೆ. ನಮ್ಮ ಮನೆಗೆ ಪ್ರಸಂಗಗಳು ಬರುತ್ತವೆ. ಕರೆಯದೆ ಬರುತ್ತವೆ, ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತವೆ. ಒಂದು ಸಲ ಪಕ್ಕದ ಕ್ರಾಸಿನ ಮದುವೆಗೆ ಬಂದ ವಾಲಗದವರು ವಿಳಾಸ ತಪ್ಪಿ ನಮ್ಮ ಅಂಗಳದಲ್ಲಿ ಕೂತು ಊದತೊಡಗಿದರು. ನಮ್ಮತ್ತೆ ಅವರನ್ನು ತಡೆಯುವುದು ಬಿಟ್ಟು, ಕಾಫಿ ಕೊಟ್ಟು, ಇನ್ನೊಂದು ಕೀರ್ತನೆ ನುಡಿಸಿ ಅಂದರು. ಹಾಗಾಗಿ ಈ ಸಲದ ಮಳೆಗಾಲದಲ್ಲಿ ಸಿನಿಮಾದವರು ಬಂದು ಗೇಟು ತಟ್ಟಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ರಾಜಾಜಿನಗರದಲ್ಲಿ ನಮ್ಮದು ಮಾವನವರು ಕಟ್ಟಿಸಿದ ಒಂದೇ ಅಂತಸ್ತಿನ ಮನೆ. ಕೆಂಪು ನೆಲ, ಬೀದಿಗೆ ತೆರೆದುಕೊಂಡ ದೊಡ್ಡ ಸರಳಿನ ಕಿಟಕಿ, ಮುಂದೊಂದು ಸಂಪಿಗೆ ಮರ. ಸುತ್ತಮುತ್ತ ಎಲ್ಲರೂ ಮಹಡಿ ಮೇಲೆ ಮಹಡಿ ಎಬ್ಬಿಸಿದ್ದಾರೆ. ನೀವ್ಯಾಕೆ ಎಬ್ಬಿಸಿಲ್ಲ ಎಂದು ಕೇಳಿದವರಿಗೆ ನಮ್ಮ ಮನೆಯವರು "ಮರ ಕಡಿಯೋಕೆ ಮನಸ್ಸಿಲ್ಲ ಸಾರ್" ಅನ್ನುತ್ತಾರೆ. ಮರವೂ ಒಂದು ಕಾರಣ ಅನ್ನಿ.

ಅವರು ನಾಯಂಡಹಳ್ಳಿಯ ಒಂದು ಗೋಡೌನಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಮಗಳಿಗೆ ಕೆಂಗೇರಿ ಕಡೆಯ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಫೀಸಿನಲ್ಲಿ ಅರ್ಧ ನಮ್ಮ ಕೈಯಲ್ಲಿತ್ತು, ಇನ್ನರ್ಧ ದೇವರ ಕೈಯಲ್ಲಿತ್ತು. ಕೊನೇ ದಿನದೊಳಗೆ ಪೂರ್ತಿ ಕಟ್ಟದಿದ್ದರೆ ಸೀಟು ಬೇರೆಯವರ ಪಾಲು. ಅಂಥ ಹೊತ್ತಿನಲ್ಲಿ ಹಾವೇರಿ ಕಡೆಯ ಒಬ್ಬ ಪ್ರೊಡಕ್ಷನ್ ಮ್ಯಾನೇಜರ್ ಬಂದು, ನಮ್ಮ ಮನೆಯನ್ನು ಮೇಲಿಂದ ಕೆಳಗೆ ನೋಡಿ ಕೈಮುಗಿದ.

"ಮನಿ ಭಾಳ ಚಲೋ ಐತ್ರಿ ಮೇಡಮ್ಮಾರ. ಶೂಟಿಂಗಿಗೆ ಬಾಡಿಗಿಗೆ ಕೊಡ್ರಿ."

"ಎಂಥ ಸಿನಿಮಾ?" ಅಂದೆ.

"ಕಾಮಿಡಿ ರೀ. ಅಪ್ಪ ಅವ್ವ ಮಗಳ ಕಾಲೇಜ್ ಫೀ ಕಟ್ಟಾಕ ಒದ್ದಾಡ್ತಾರ. ಜನ ನಕ್ಕ ನಕ್ಕ ಸಾಯ್ತಾರ."

ನಾನೂ ನಮ್ಮ ಮನೆಯವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗು ಬರಲಿಲ್ಲ. ಬಾಡಿಗೆ ಎಷ್ಟೆಂದು ಹೇಳಿದ ಮೇಲೆ ಸ್ವಲ್ಪ ಬಂತು.

ಬೀದಿಯವರು ಕೇಳಿದರೆ ಏನು ಹೇಳುವುದು ಎಂದು ಅಂದೇ ತೀರ್ಮಾನವಾಯಿತು. ಕಲೆಗೋಸ್ಕರ ಕೊಟ್ಟಿದ್ದೇವೆ. ದುಡ್ಡಿಗಲ್ಲ.

ಯಾರೂ ನಂಬದ ಕುರ್ಚಿ

ಮೊದಲ ದಿನ ಆರ್ಟ್ ಡೈರೆಕ್ಟರ್ ಬಂದ. ಮನೆಯನ್ನು ಮಧ್ಯಮ ವರ್ಗದ ಮನೆ ಮಾಡುವುದು ಅವನ ಕೆಲಸವಂತೆ. ನಾವು ಇಷ್ಟು ವರ್ಷ ಬಾಳುತ್ತಿರುವುದು ಯಾವ ವರ್ಗದಲ್ಲಿ ಎಂದು ಕೇಳೋಣವೆನಿಸಿತು, ಬಿಟ್ಟೆ.

ಅವನು ಕಣ್ಣನ್ನು ಅರ್ಧ ಮುಚ್ಚಿ, ಎರಡು ಕೈಯಿಂದ ಚೌಕಟ್ಟು ಮಾಡಿಕೊಂಡು, ನಡುಮನೆಯಲ್ಲಿ ತೇಲಿದಂತೆ ಸುತ್ತಿದ. ನಮ್ಮ ಸೋಫಾ ಹೊರಗೆ ಹೋಯಿತು, ಬಾಡಿಗೆಗೆ ತಂದ ಸೋಫಾ ಒಳಗೆ ಬಂತು. ನಮ್ಮದಕ್ಕಿಂತ ಅದು ಚೆನ್ನಾಗಿತ್ತು. ನಮ್ಮ ಫ್ಯಾನು ಕೆಳಗಿಳಿಯಿತು, ಸದ್ದು ಮಾಡದ ಫ್ಯಾನು ಮೇಲೇರಿತು. ನಮ್ಮ ಗೋಡೆಯಲ್ಲಿ ತಾನಾಗಿಯೇ ಎದ್ದಿದ್ದ ಸುಣ್ಣದ ಚಕ್ಕೆಯನ್ನು ಕೆರೆದು, ನಯ ಮಾಡಿ, ಅದರ ಮೇಲೆ ಚಕ್ಕೆ ಎದ್ದಂತೆ ಬಣ್ಣ ಬಳಿದರು. ನಾನು ಬಾಗಿಲಿಗೆ ಒರಗಿ ಕನಸು ಕಂಡಂತೆ ನೋಡುತ್ತಿದ್ದೆ. ಬಡತನದ ಚಿತ್ರ ತೆಗೆಯಲು ಬಂದವರು ಮನೆಯನ್ನು ಇಷ್ಟು ಚೆಂದ ಮಾಡುತ್ತಾರೆಂದು ಗೊತ್ತಿದ್ದರೆ ಮದುವೆಯಾದ ಹೊಸದರಲ್ಲೇ ಕರೆಸುತ್ತಿದ್ದೆ.

ಕೊನೆಗೆ ಅವನ ಕಣ್ಣು ನಮ್ಮ ಮನೆಯವರ ಕುರ್ಚಿಯ ಮೇಲೆ ಬಿತ್ತು. ಅದರ ಒಂದು ಕಾಲಿಗೆ ಸುತ್ತ ನೈಲಾನ್ ಹಗ್ಗ ಬಿಗಿದಿದೆ, ಬೆನ್ನಿಗೆ ಹಳೇ ಬೆಡ್‌ಶೀಟು ಹೊಲಿದಿದೆ. ಅವರು ಅದರ ಮೇಲೆ ಕೂತು ಪೇಪರ್ ಓದುತ್ತಿದ್ದರು.

"ಸಾರ್, ಇದು ಬೇಡ ಸಾರ್."

"ಯಾಕಪ್ಪಾ? ಗಟ್ಟಿಯಾಗೇ ಇದೆ."

"ತುಂಬಾ ಓವರ್ ಆಯ್ತು ಸಾರ್," ಅಂದ ಅವನು. "ಇಷ್ಟೊಂದು ಕಷ್ಟ ತೋರಿಸಿದ್ರೆ ಜನ ನಂಬಲ್ಲ."

ಹಾಡಹಗಲಿನ ಸಂಜೆ

ಸಿನಿಮಾದವರಿಗೆ ಹೊತ್ತು ಅನ್ನುವುದು ಸೀರೆ ಇದ್ದಂತೆ. ಬೇಕಾದಾಗ ಉಡಿಸುತ್ತಾರೆ, ಬೇಡವಾದಾಗ ಬಿಚ್ಚುತ್ತಾರೆ. ಒಂದು ದಿನ ತಿಂಡಿ ಆದ ಮೇಲೆ ಕಿಟಕಿ ಬಾಗಿಲಿಗೆಲ್ಲ ಕರೀ ಬಟ್ಟೆ ಹೊದಿಸಿದರು. ಹಿತ್ತಲಿನಿಂದ ಒಂದು ನೀಲಿ ದೀಪ ಬಿಟ್ಟರು. ನೋಡುತ್ತ ನೋಡುತ್ತ ಮನೆಯೊಳಗೆ ಮುಸ್ಸಂಜೆಯಾಯಿತು. ಕೆಂಪು ನೆಲದ ಮೇಲೆ ಬೆಳದಿಂಗಳಿನಂಥದ್ದು ಹರಡಿತು. ಸಂಪಿಗೆ ಎಲೆಯ ನೆರಳು ಬೇಕೆಂದು ಯಾರೋ ಒಂದು ಕೊಂಬೆ ಹಿಡಿದು ಅಲ್ಲಾಡಿಸುತ್ತಿದ್ದರು.

ನಾನು ಅಡುಗೆಮನೆಯ ಹೊಸಿಲ ಮೇಲೆ ಕೂತೆ. ನನ್ನದೇ ಮನೆ. ಆದರೆ ಆ ಬೆಳಕಿನಲ್ಲಿ ಅದು ಯಾರದೋ ಸುಖವಾಗಿರುವವರ ಮನೆಯಂತೆ ಕಂಡಿತು. ಅಲ್ಲಿ ಮಗಳು ಓದುತ್ತಿದ್ದಾಳೆ, ಯಾವುದಕ್ಕೂ ಕೊನೇ ದಿನ ಅನ್ನುವುದೇ ಇಲ್ಲ. ಅನ್ನಕ್ಕಿಡಬೇಕು ಎಂಬುದೇ ಮರೆತುಹೋಯಿತು. ನಮ್ಮ ಮನೆಯವರು ಗೋಡೌನಿಗೆ ರಜೆ ಹಾಕಿದ್ದವರು, ನಿಂತಲ್ಲೇ ಆಕಳಿಸಿ, "ಇವತ್ತು ಬೇಗ ಮಲಗೋಣ ಕಣೇ" ಅಂದರು.

ಅತ್ತೆಗೆ ಕಣ್ಣು ಮಂದ, ನೇಮ ಮಾತ್ರ ಜೋರು. ಮಧ್ಯಾಹ್ನದ ನಿದ್ದೆಯನ್ನು ಬೆಳಿಗ್ಗೆಯೇ ಮುಗಿಸಿ ಎದ್ದವರು, ಸಂಜೆಯಾಗಿದೆ ಎಂದು ಮುಖ ತೊಳೆದು, ದೇವರಿಗೆ ದೀಪ ಹಚ್ಚಿ, ಗಂಟೆ ಬಾರಿಸಿಬಿಟ್ಟರು. ನಡುಮನೆಯಲ್ಲಿ ಟೇಕ್ ನಡೆಯುತ್ತಿತ್ತು. ಡೈರೆಕ್ಟರ್ ತಲೆ ಮೇಲೆ ಕೈ ಹೊತ್ತುಕೊಂಡ.

"ಅಜ್ಜಿ, ಇದು ಸಂಜೆ ಅಲ್ಲ! ನಾವು ಮಾಡಿರೋ ಸಂಜೆ!"

ಅತ್ತೆ ಅವನನ್ನು ಒಂದು ಕ್ಷಣ ನೋಡಿದರು. "ನೀನು ಮಾಡಿರೋದೋ ದೇವರು ಮಾಡಿರೋದೋ ನಂಗ್ಯಾಕಪ್ಪಾ," ಅಂದರು. "ಉಳಿದ ತಿಂಡೀನೇ ರಾತ್ರಿ ಊಟ ಅಂತ ಮುಗಿಸ್ತೀನಿ. ನಾಳೆ ಬೆಳಿಗ್ಗೆ ಯಾವಾಗ ಮಾಡ್ತೀಯ, ಮಾತ್ರೆ ತಗೋಬೇಕು."

ಸಿನಿಮಾ ಬಿಸಿಲು

ಇದು ನನ್ನ ತಪ್ಪು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ.

ಬೇಸಿಗೆಯಲ್ಲಿ ಮಗಳ ಪರೀಕ್ಷೆ, ಕೌನ್ಸೆಲಿಂಗ್ ಅಂತ ಓಡಾಡಿ ಸಂಡಿಗೆ ಇಡಲಾಗಿರಲಿಲ್ಲ. ಮಳೆ ಹಿಡಿದ ಮೇಲೆ ಇಟ್ಟೆ. ಎರಡು ದಿನವಾದರೂ ಒದ್ದೆ ಒದ್ದೆ. ಮೂರನೆಯ ದಿನ ಡೈರೆಕ್ಟರ್ "ಬೆಳಗಿನ ಬಿಸಿಲು ಬರಲಿ" ಅಂದ. ಕಿಟಕಿಯ ಹೊರಗೆ ಇಟ್ಟಿದ್ದ ದೊಡ್ಡ ದೀಪ ಹೊತ್ತಿತು. ಹೊರಗೆ ಸೋನೆ ಮಳೆ, ಒಳಗೆ ಚುರುಚುರು ಬಿಸಿಲು! ಎಷ್ಟೋ ದಿನದ ಮೇಲೆ ಬಿಸಿಲು ಕಂಡ ನನ್ನ ಜೀವ ತಡೆಯಲಿಲ್ಲ. ಯಾರೂ ನೋಡದ ಹಾಗೆ ಸಂಡಿಗೆಯ ಪ್ಲಾಸ್ಟಿಕ್ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡು ಹೋಗಿ ಆ ಬಿಸಿಲಿನಲ್ಲಿ ಹರಡಿ ಬಂದೆ.

ಶಾಟ್ ಮುಗಿದ ಮೇಲೆ ಸಣ್ಣ ಪರದೆಯಲ್ಲಿ ನೋಡಿದರೆ, ಅಪ್ಪನ ಪಾತ್ರದವರು ಫೀಸಿನ ಚಿಂತೆಯಲ್ಲಿ ಓಡಾಡುತ್ತಿದ್ದಾರೆ, ಅವರ ಕಾಲಬುಡದಲ್ಲಿ ನನ್ನ ಸಂಡಿಗೆ ಒಣಗುತ್ತಿದೆ. ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಡೈರೆಕ್ಟರ್ ಕಣ್ಣರಳಿಸಿದ. "ವಾವ್! ಇದು ಯಾರ ಐಡಿಯಾ? ಏನ್ ನ್ಯಾಚುರಲ್ ಆಗಿದೆ!" ಆರ್ಟ್ ಡೈರೆಕ್ಟರ್ ಕೆಮ್ಮಿ, "ನಂದೇ ಸಾರ್" ಅಂದ.

ಅಲ್ಲಿಗೆ ಸಂಡಿಗೆಯ ಮೇಲೆ ನನ್ನ ಹಕ್ಕು ಹೋಯಿತು. ಕಂಟಿನ್ಯೂಟಿ ಅಂತೆ. ಆ ದೃಶ್ಯ ಮುಗಿಯುವವರೆಗೂ ಒಂದು ಸಂಡಿಗೆಯೂ ಅಲ್ಲಾಡಕೂಡದಂತೆ. ಫೋಟೋ ತೆಗೆದುಕೊಂಡು, ಸುತ್ತ ಹಗ್ಗ ಕಟ್ಟಿ, ಕನ್ನಡಕದ ಒಬ್ಬ ಹುಡುಗಿಯನ್ನು ಕಾವಲಿಗೆ ಕೂರಿಸಿದರು. ನಮ್ಮ ಮನೆಯಲ್ಲಿ ಮಗುವಿಗೂ ಅಷ್ಟು ಕಾವಲು ಇರಲಿಲ್ಲ.

ಮಾರನೆಯ ದಿನ ಊಟದ ಹೊತ್ತಿಗೆ, ಕೈ ತೊಳೆದು ಬಂದ ಆ ಹುಡುಗಿ ಕಿರುಚಿದಳು. ಹಾಳೆ ಖಾಲಿ! ಇಡೀ ಯೂನಿಟ್ಟು ಹುಡುಕಿತು. ಅತ್ತೆ ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದರು, ಮುಖದಲ್ಲಿ ಉಪಚಾರದ ನಗು. ಮನೆಗೆ ಬಂದವರಿಗೆ ಬರೀ ಸಾರು ಅನ್ನ ಹಾಕುವುದು ಹೇಗೆ ಎಂದು ಎಲ್ಲವನ್ನೂ ಕರಿದುಬಿಟ್ಟಿದ್ದರು. ಡೈರೆಕ್ಟರ್ ಒಂದು ತುಂಡು ಬಾಯಿಗಿಟ್ಟುಕೊಂಡ. ಇನ್ನೊಂದು ತೆಗೆದುಕೊಂಡ.

ಆಮೇಲೆ ಆ ಕನ್ನಡಕದ ಹುಡುಗಿಗೆ ಹೇಳಿದ, "ಬರ್ಕೊಳಮ್ಮಾ. ಮುಂದಿನ ಸೀನಲ್ಲಿ ಅಪ್ಪ ಕರಿದ ಸಂಡಿಗೆ ತಿಂತಾ ಚಿಂತೆ ಮಾಡ್ತಾನೆ."

ಸರ

ಅಮ್ಮನ ಪಾತ್ರ ಮಾಡುವಾಕೆ ಒಳ್ಳೆಯ ಹೆಂಗಸು. ಬಿಡುವಾದಾಗ ಅಡುಗೆಮನೆಗೆ ಬಂದು ನನ್ನ ಪಕ್ಕ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಒಮ್ಮೆ ಕೇಳಿದರು, "ಅಕ್ಕಾ, ಮಗಳ ಫೀಸಿಗೆ ದುಡ್ಡಿಲ್ಲ ಅಂದ್ರೆ ತಾಯಿ ಹೇಗೆ ಅಳ್ತಾಳೆ?"

"ಅಳೋಕೆ ಎಲ್ಲಿ ಬಿಡುವಮ್ಮಾ. ಕೂತ್ರೆ ಕುಕ್ಕರ್ ಕೂಗುತ್ತೆ," ಅಂದೆ. ನಿಜಕ್ಕೂ ಆ ದಿನಗಳಲ್ಲಿ ನನಗೆ ಒಳಗೊಳಗೇ ಭಯವಿತ್ತು. ಮಗಳು ಮಾತ್ರ ಕಾಲೇಜಿಗೆ ಹಾಕಿಕೊಳ್ಳಬೇಕಾದ ಬಟ್ಟೆಗೆ ಇಸ್ತ್ರಿ ಮಾಡಿ ಇಟ್ಟುಕೊಂಡಿದ್ದಳು.

ಆಕೆ ಕತ್ತಿನಲ್ಲಿ ಹಾಕುತ್ತಿದ್ದ ಎರಡೆಳೆ ಸರ ನನ್ನದರ ಹಾಗೇ ಇತ್ತು. ಅದು ಕವರಿಂಗು. ನನ್ನದು ಅಸಲಿ, ಆದರೆ ಅದು ಬ್ಯಾಂಕಿನಲ್ಲಿ ಅಡವಿಗಿತ್ತು. ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲವೆಂದು ನಾನು ಸೆರಗು ಹೊದ್ದುಕೊಂಡು ಓಡಾಡುತ್ತಿದ್ದೆ. ಒಂದು ಮಧ್ಯಾಹ್ನ ಆಕೆ ಸರ ಬಿಚ್ಚಿ ಕನ್ನಡಿಯ ಮುಂದಿಟ್ಟು ಊಟಕ್ಕೆ ಹೋದರು. ನಾನು ಸುಮ್ಮನೆ ಕೈಗೆತ್ತಿಕೊಂಡೆ. ಸುಮ್ಮನೆ ಹಾಕಿಕೊಂಡೆ. ಕಿಟಕಿಯಿಂದ ಆ ಸಿನಿಮಾ ಬೆಳಕು ಬೀಳುತ್ತಿತ್ತು. ಕನ್ನಡಿಯಲ್ಲಿ ಇದ್ದವಳು ಮದುವೆಯಾದ ವರ್ಷದ ಹುಡುಗಿಯಂತೆ ಕಂಡಳು. ಎಷ್ಟು ಹೊತ್ತು ನಿಂತಿದ್ದೆನೋ.

"ಬಿಡಿಸ್ಕೊಂಡ್ ಬಂದ್ರಾ? ಒಳ್ಳೇದಾಯ್ತು ಬಿಡಿ!"

ತಿರುಗಿದರೆ ಬಾಗಿಲಲ್ಲಿ ಪಕ್ಕದ ಮನೆಯಾಕೆ, ಕೈಯಲ್ಲಿ ಕುಂಕುಮದ ಭರಣಿ, ಸೀಮಂತಕ್ಕೆ ಕರೆಯಲು ಬಂದಿದ್ದಾರೆ. ಹಾಗಾದರೆ ಬೀದಿಗೆಲ್ಲ ಗೊತ್ತು! ಸಾವರಿಸಿಕೊಂಡು ನಕ್ಕೆ. "ಅಯ್ಯೋ, ಅದು ಯಾವಾಗ್ಲೂ ಮನೇಲೇ ಇತ್ತು ಕಣ್ರೀ. ನಾನೇ ಹಾಕ್ಕೊಳ್ತಿರ್ಲಿಲ್ಲ."

ಆಗಲೇ ಮ್ಯಾನೇಜರ್ ಏದುಸಿರು ಬಿಡುತ್ತ ಓಡಿಬಂದ.

"ಮೇಡಮ್ಮಾರ, ಸರಾ ಲಗೂ ಬಿಚ್ಚಿ ಕೊಡ್ರಿ! ಅಡಾ ಇಡಾಕ ಒಯ್ಯಬೇಕು, ಎಲ್ಲಾರೂ ಕಾಯಾಕತ್ತಾರ!"

ಮ್ಯಾನೇಜರ್ ಅತ್ತದ್ದು

ಶನಿವಾರ ಸಂಜೆ ಬಾಡಿಗೆ ಕೊಡಬೇಕಿತ್ತು. ಸೋಮವಾರ ಫೀಸಿಗೆ ಕೊನೇ ದಿನ. ಮ್ಯಾನೇಜರ್ ಬಂದ, ಕೂತ, ನೀರು ಕುಡಿದ, ಫ್ಯಾನು ನೋಡಿದ. ಅವನು ಫ್ಯಾನು ನೋಡಿದಾಗಲೇ ನನಗೆ ತಿಳಿಯಿತು.

"ಮೇಡಮ್ಮಾರ, ಹೆಂಗ ಹೇಳ್ಲಿರಿ. ಬಾಡಿಗಿ ಒಂದ್ ಸ್ವಲ್ಪ ತಡಾ ಆಗ್ತೈತಿ."

ನಮ್ಮ ಮನೆಯವರು ಹಗ್ಗದ ಕುರ್ಚಿಯಿಂದ ಎದ್ದೇಬಿಟ್ಟರು. "ಅಲ್ಲಪ್ಪಾ, ಒಪ್ಪಂದ ಏನಿತ್ತು? ಯಾಕೆ ತಡ?"

ಮ್ಯಾನೇಜರ್ ಕಣ್ಣು ಒರೆಸಿಕೊಂಡ. ಗ್ಲಿಸರಿನ್ ಅಲ್ಲ, ನಿಜವಾದ ನೀರು.

"ಪ್ರೊಡ್ಯೂಸರ್ ಸಾಹೇಬ್ರು ಇದ್ದದ್ದೆಲ್ಲಾ ತಗೊಂಡ್ ಹೋದ್ರು ರೀ. ಅವ್ರ ಮಗಂದು ಕಾಲೇಜ್ ಫೀ ಕಟ್ಟೂದಿತ್ತು."

ಆಗ ಮಾತ್ರ ನಮಗೆ ನಗು ಬಂತು. ಅವನು ಮೊದಲ ದಿನವೇ ಹೇಳಿದ್ದಂತೆ, ನಕ್ಕು ನಕ್ಕು ಸಾಯುವ ಹಾಗೆ ಬಂತು. ಮಗಳು ಒಳಗಿನಿಂದ, "ಏನಮ್ಮಾ ಜೋಕು?" ಎಂದು ಕೂಗಿದಳು.

ಕಿಟಕಿಯಲ್ಲಿ ಕೂತವರು

ಭಾನುವಾರ ಕೊನೆಯ ದೃಶ್ಯ. ಕಾಲೇಜಿನ ಫೀಸ್ ಕೌಂಟರ್‌ನಲ್ಲಿ ನಡೆಯಬೇಕು. ಬೇರೆ ಜಾಗಕ್ಕೆ ದುಡ್ಡಿಲ್ಲದೆ, ನಮ್ಮ ಬೀದಿ ಕಡೆಯ ಸರಳಿನ ಕಿಟಕಿಗೇ ಒಂದು ಬೋರ್ಡು ತಗುಲಿಸಿ ಕೌಂಟರ್ ಮಾಡಿದರು. ಅಮ್ಮನ ಪಾತ್ರದಾಕೆ ಹೊರಗೆ ನಿಂತು ಬೇಡಿಕೊಳ್ಳಬೇಕು. ಒಳಗಿರುವ ಗುಮಾಸ್ತ ಮನಸ್ಸು ಕರಗಿ, "ಆಗಲಿ ತಾಯಿ, ಎರಡು ಕಂತಲ್ಲಿ ಕಟ್ಟಿ. ಮಗು ಓದಲಿ" ಅನ್ನಬೇಕು. ಅಲ್ಲಿಗೆ ಸಿನಿಮಾ ಮುಕ್ತಾಯ.

ಗುಮಾಸ್ತನ ಪಾತ್ರದವನು ಮಾಗಡಿ ರೋಡಿನ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದ. ಡೈರೆಕ್ಟರ್ ಗೇಟಿನ ಹೊರಗೆ ನೆರೆದಿದ್ದ ಜನರನ್ನು ನೋಡುತ್ತ ಹೋಗಿ ಒಂದು ಕಡೆ ನಿಂತ. "ಆ ಮುಖ ನೋಡಿ! ಅದೇ ಮುಖ ಬೇಕು ನಂಗೆ!"

ಹಣೆ ಗಂಟು ಹಾಕಿಕೊಂಡ, ಜೇಬಿನಲ್ಲಿ ಪೆನ್ನು ಸಿಕ್ಕಿಸಿಕೊಂಡ ಒಬ್ಬರು ಬ್ಯಾಗು ಹಿಡಿದು ನಿಂತಿದ್ದರು. ಕೆಂಗೇರಿ ಹತ್ತಿರದ ಉಲ್ಲಾಳದವರು, ಎದುರು ಮನೆಗೆ ನೆಂಟರಾಗಿ ಬಂದವರು. ಅವರನ್ನು ಕರೆದು ಕೂರಿಸುವಾಗ ಮಗಳು ನನ್ನ ತೋಳು ಹಿಂಡಿದಳು. "ಅಮ್ಮಾ! ಅವ್ರು ನಮ್ ಕಾಲೇಜ್ ಕೌಂಟರಲ್ಲೇ ಕೂರೋ ಅಂಕಲ್!"

ಸಿನಿಮಾ ಅಂದರೆ ಅವರಿಗೆ ಜೀವವಂತೆ. ಖುಷಿಯಿಂದ ಕೂತರು. ಕ್ಲ್ಯಾಪ್ ಆಯಿತು. ಅಮ್ಮನ ಪಾತ್ರದಾಕೆ ಕಣ್ಣೀರು ತುಂಬಿಕೊಂಡು ಬೇಡಿದರು.

"ಆಗಲ್ಲ," ಅಂದರು ಇವರು.

"ಕಟ್! ಸಾರ್, ಆಗಲಿ ತಾಯಿ ಅನ್ಬೇಕು."

"ಸಾರಿ ಸಾರ್. ಗೊತ್ತಾಯ್ತು."

ಮತ್ತೆ ಕ್ಲ್ಯಾಪ್, ಮತ್ತೆ ಕಣ್ಣೀರು. ಇವರು ತಲೆಯೆತ್ತಲೇ ಇಲ್ಲ. "ಪೂರ್ತಿ ಕಟ್ಬೇಕು. ನೆಕ್ಸ್ಟ್ ಬನ್ನಿ."

ಇನ್ನೊಂದು ಸಲ, "ಮೇಲಿನವರನ್ನ ಕೇಳಿ." ಮತ್ತೊಂದು ಸಲ, ಆಕೆ ಇನ್ನೂ ಬಾಯಿ ತೆರೆಯುವ ಮೊದಲೇ, "ಊಟದ ಟೈಮು" ಎಂದು ಕಿಟಕಿಯ ಬಾಗಿಲು ಎಳೆದುಕೊಂಡರು. ಬೀದಿಯವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾವಿಬ್ಬರು ಮಾತ್ರ ನಗಲಿಲ್ಲ. ನಾಳೆ ಅದೇ ಬಾಯಿಂದ ಅದೇ ಮಾತನ್ನು ನಾವು ಕೇಳಬೇಕಿತ್ತು.

ಅಳುವಾಕೆ ಸುಸ್ತಾಗಿ ಕೂತರು. ಡೈರೆಕ್ಟರ್ ನನ್ನ ಕಡೆ ನೋಡಿ, "ಮೇಡಂ, ನೀವು ಸ್ವಲ್ಪ ಕಿಟಕೀಲಿ ಕೂತಿರೋರಿಗೆ ಪ್ರಾಕ್ಟೀಸ್ ಮಾಡಿಸಿ" ಅಂದ. ನಾನು ಹೋಗಿ ನನ್ನ ಮನೆಯ ಕಿಟಕಿಯ ಹೊರಗೆ, ಸಂಪಿಗೆ ಮರದ ಕೆಳಗೆ ನಿಂತೆ.

"ಸಾರ್, ಅರ್ಧ ತಂದಿದೀನಿ. ಮಗಳಿಗೆ ಓದೋ ಆಸೆ."

ಅವರು ಬಾಯಿ ತೆರೆದರು. ಬೆವರು ಇಳಿಯಿತು. "ಅಮ್ಮಾ, ನನ್ನ ಸರ್ವೀಸಲ್ಲೇ ಈ ಬಾಯಿಗೆ ಆ ಮಾತು ಬಂದಿಲ್ಲಮ್ಮಾ," ಅಂದರು ಪಾಪ. "ನಾಲಿಗೆ ಹೊರಳ್ತಿಲ್ಲ."

"ಇರಲಿ ಸಾರ್, ಅವಸರ ಇಲ್ಲ. ಮೊದ್ಲು ಬರೀ 'ಆಗಲಿ' ಅನ್ನಿ."

ಮಕ್ಕಳಿಗೆ ಅಕ್ಷರ ಕಲಿಸಿದ ಹಾಗೆ ಕಲಿಸಿದೆ. ನಾನು ಕೇಳುವುದು, ಅವರು ಹೇಳುವುದು. ಮಳೆ ನಿಂತು ತಂಪಾದ ಗಾಳಿ ಬೀಸುತ್ತಿತ್ತು. ಒಂದೆರಡು ಸಂಪಿಗೆ ನನ್ನ ತಲೆಯ ಮೇಲೆ ಉದುರಿದವು. ಅವರ ಹಣೆಯ ಗಂಟು ನಿಧಾನವಾಗಿ ಸಡಿಲವಾಯಿತು. "ಆಗಲಿ ತಾಯಿ... ಎರಡು ಕಂತಲ್ಲಿ ಕಟ್ಟಿ... ಮಗು ಓದಲಿ." ಎಷ್ಟು ಹಿತವಾಗಿತ್ತೆಂದರೆ ನಾನು ಬೇಕೆಂದೇ ಇನ್ನಷ್ಟು ಸಲ ಹೇಳಿಸಿದೆ. ಸುಳ್ಳಾದರೂ ಕೇಳುತ್ತಿದ್ದರೆ ಮನಸ್ಸು ತುಂಬುತ್ತಿತ್ತು.

ಟೇಕ್ ಓಕೆ ಆಯಿತು. ಬೀದಿ ಪೂರ್ತಿ ಚಪ್ಪಾಳೆ. ಅವರಂತೂ ಕಣ್ಣು ಒರೆಸಿಕೊಂಡು, "ಹೇಳೋಕೆ ಚೆನ್ನಾಗಿದೆ ಕಣಮ್ಮಾ ಈ ಮಾತು" ಅಂದರು. ಬಸ್ ಸ್ಟಾಪಿನ ತನಕ ಅದನ್ನೇ ಹೇಳಿಕೊಂಡು ಹೋದರಂತೆ. ನಾನು ಯಾರೆಂದು ಅವರಿಗೆ ಹೇಳಲಿಲ್ಲ. ಅಷ್ಟು ಖುಷಿಯಲ್ಲಿದ್ದವರ ಮುಂದೆ ಕೈಚಾಚಲು ಮನಸ್ಸು ಬರಲಿಲ್ಲ.

ಸೋಮವಾರ ಬೆಳಿಗ್ಗೆ ಅರ್ಧ ದುಡ್ಡು ಹಿಡಿದು ಮೂವರೂ ಕಾಲೇಜಿಗೆ ಹೋದೆವು. ಅಪ್ಪ ಅಮ್ಮಂದಿರ ಉದ್ದ ಸಾಲು. ಎಲ್ಲರಿಗೂ ಒಂದೇ ಉತ್ತರ ಸಿಗುತ್ತಿರುವುದು ಅವರು ತಿರುಗಿ ಬರುವ ಮುಖದಲ್ಲೇ ಕಾಣುತ್ತಿತ್ತು. ನಮ್ಮ ಸರದಿ ಬಂತು. ಕೌಂಟರಿನ ಒಳಗೆ ಅದೇ ತಲೆ, ಅದೇ ಗಂಟು ಹಾಕಿದ ಹಣೆ. ಕತ್ತು ಬಗ್ಗಿಸಿಕೊಂಡು ಬರೆಯುತ್ತಿದ್ದರು. ನಮ್ಮ ಮನೆಯವರು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಮರೆತು ನನ್ನನ್ನು ಮುಂದೆ ತಳ್ಳಿದರು. ನನಗೂ ಏನೂ ತೋಚಲಿಲ್ಲ. ಬಾಯಿಗೆ ಬಂದದ್ದು ನಿನ್ನೆಯದೇ.

"ಸಾರ್, ಅರ್ಧ ತಂದಿದೀನಿ. ಮಗಳಿಗೆ ಓದೋ ಆಸೆ."

ಅವರು ತಲೆಯೆತ್ತಲಿಲ್ಲ. ಬರೆಯುತ್ತಿದ್ದ ಕೈಯೂ ನಿಲ್ಲಲಿಲ್ಲ.

"ಆಗಲಿ ತಾಯಿ," ಅಂದರು. "ಎರಡು ಕಂತಲ್ಲಿ ಕಟ್ಟಿ. ಮಗು ಓದಲಿ."

ಪಕ್ಕದ ಟೇಬಲ್ಲಿನವರ ಕೈಯಲ್ಲಿ ಟೀ ಲೋಟ ಹಾಗೇ ನಿಂತಿತು. ಅವರು ಮೆಲ್ಲಗೆ ತಲೆಯೆತ್ತಿ ನನ್ನನ್ನು ನೋಡಿದರು, ಗುರುತು ಹಿಡಿದರು, ತಾವು ಅಂದದ್ದೇನೆಂದು ಹೊಳೆದು ಗಾಬರಿಯಾದರು. ತಿದ್ದಿಕೊಳ್ಳಲು ಬಾಯಿ ತೆರೆದರು.

ಇಷ್ಟು ವರ್ಷದ ಸಂಸಾರದಲ್ಲಿ ನಮ್ಮ ಮನೆಯವರು ಸರಿಯಾದ ಹೊತ್ತಿಗೆ ಸರಿಯಾದ ಮಾತು ಆಡಿದ್ದು ಅದೊಂದೇ ಸಲ. ಬೆನ್ನ ಹಿಂದಿನಿಂದ ಎರಡೂ ಕೈ ಮೇಲೆತ್ತಿ ಕೂಗಿದರು, "ಟೇಕ್ ಓಕೆ!"

ಮಗಳು ಚಪ್ಪಾಳೆ ತಟ್ಟಿದಳು. ಏನೆಂದು ತಿಳಿಯದೆಯೇ ಸಾಲಿನವರೆಲ್ಲ ತಟ್ಟಿದರು. ಆ ಮನುಷ್ಯ ನಿನ್ನೆಯ ಹಾಗೇ ಹಣೆಯ ಗಂಟು ಸಡಿಲಿಸಿ ಮೆಲ್ಲಗೆ ನಕ್ಕರು. ಕಂತು ಕೊಡುವ ಅಧಿಕಾರ ಅವರ ಕೈಯಲ್ಲೇ ಇತ್ತಂತೆ, ಅದಕ್ಕೊಂದು ಸೀಲೂ ಇತ್ತಂತೆ. ಡ್ರಾಯರಿನ ತಳದಿಂದ ಹುಡುಕಿ ತೆಗೆದರೆ ಇಂಕು ಒಣಗಿಹೋಗಿತ್ತು. ಹಾ ಎಂದು ಉಸಿರು ಬಿಟ್ಟು, ಹಸಿ ಮಾಡಿ, ಒತ್ತಿ ಒತ್ತಿ ಮುದ್ರೆ ಹಾಕಿದರು. ನನಗೆ ಕಣ್ಣು ಮಂಜಾಗಿ ಅದು ಕಾಣಲೇ ಇಲ್ಲ. ಮಗಳೇ ಕಾಗದ ತೆಗೆದುಕೊಂಡಳು.

ನಾವಿನ್ನೂ ಅಲ್ಲಿಂದ ಸರಿದಿರಲಿಲ್ಲ. ನಮ್ಮ ಹಿಂದೆ ನಿಂತಿದ್ದ, ಹೆಗ್ಗನಹಳ್ಳಿಯಿಂದ ಬಂದಿದ್ದ ಒಬ್ಬ ಅಪ್ಪ ಶರ್ಟಿನ ಕಾಲರ್ ಸರಿಮಾಡಿಕೊಂಡು, ಬಾಚಣಿಗೆ ತೆಗೆದು ತಲೆ ಬಾಚಿಕೊಂಡು, ಕೌಂಟರಿಗೆ ಮುಖ ಕೊಟ್ಟು ನಿಂತ.

"ಸಾರ್," ಅಂದ, "ನಂದೂ ಒಂದು ಟೇಕ್ ತಗೊಂಡ್ಬಿಡಿ ಸಾರ್."